ಚಿಮಣಿ ನೋಡಿ ಆರಿಸಿದ ಬ್ರ್ಯಾಂಚು

ನಮ್ಮ ಅಡುಗೆಮನೆಯ ಗೂಟಕ್ಕೆ ಒಂದು ಹಳದಿ ಹೆಲ್ಮೆಟ್ ತಲೆಕೆಳಗಾಗಿ ತೂಗುತ್ತಿದೆ. ಅದರ ತುಂಬ ಬೆಳ್ಳುಳ್ಳಿ. ಹೊಸಬರು ಯಾರೇ ಬಂದರೂ ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಗಾಡಿ ಓಡಿಸುವವರ ಹೆಲ್ಮೆಟ್ ಅಲ್ಲ ಅದು, ಕಾರ್ಖಾನೆಯೊಳಗೆ ಹಾಕಿಕೊಳ್ಳುವಂಥದ್ದು. ಕೇಳಿದವರಿಗೆ ಹೇಳಲು ಅವ್ವನ ಬಳಿ ಉತ್ತರ ತಯಾರಿದೆ.

"ಅದಕ್ಕ ತೂತ ಅವ ನೋಡ್ರಿ, ಗಾಳಿ ಆಡ್ತದ. ಬೆಳ್ಳುಳ್ಳಿ ಮೊಳಕಿ ಒಡಿಯಂಗಿಲ್ಲ. ನಮ್ಮ ಸುವರ್ಣಾ ಇಂಜಿನಿಯರಿಂಗ್ ಓದಿದ್ದು ಇಷ್ಟರೆ ಉಪಯೋಗ ಆತು."

ಅವ್ವ ಇದನ್ನು ಚುಚ್ಚಲೆಂದು ಹೇಳುವುದಿಲ್ಲ. ಹೆಮ್ಮೆಯಿಂದಲೇ ಹೇಳುತ್ತಾಳೆ. ಅದಕ್ಕೇ ನನಗೆ ಇನ್ನಷ್ಟು ಸಂಕಟ.

ಹೌದು, ನಾನು ಇಂಜಿನಿಯರು. ನಂಬಲಿಕ್ಕೆ ಕಷ್ಟವಾದರೆ ಬಿಡಿ, ನನಗೂ ಎಷ್ಟೋ ದಿನ ಹಾಗೇ ಆಗುತ್ತದೆ. ಮದುವೆ ಮುಂಜಿಗಳಲ್ಲಿ ಪಕ್ಕದ ಎಲೆಯವರು "ಯಾವ ಬ್ರ್ಯಾಂಚ್ ಅವ್ವಾ? ಸಿವಿಲ್ಲಾ, ಕಂಪ್ಯೂಟರಾ?" ಎನ್ನುತ್ತಾರೆ. "ಸಿಮೆಂಟ್ ತಂತ್ರಜ್ಞಾನ" ಎನ್ನುತ್ತೇನೆ. ಅವರು ಕೈಯಲ್ಲಿದ್ದ ತುತ್ತನ್ನು ಕೈಯಲ್ಲೇ ಹಿಡಿದು, "ಅಂದ್ರ ಗೌಂಡಿ ಕೆಲಸೇನು?" ಎಂದು ಕೇಳುತ್ತಾರೆ. ಗೌಂಡಿ ಎಂದರೆ ನಮ್ಮ ಕಡೆ ಗೋಡೆ ಕಟ್ಟುವವನು. ಗೌಂಡಿಗೆ ಊರಲ್ಲಿ ಎಷ್ಟು ಬೇಡಿಕೆ ಇದೆ ಎಂಬುದನ್ನು ನೆನೆದು ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತೇನೆ.

ನೀವು ನಮ್ಮ ಕಡೆ ಬಂದವರಾದರೆ ಗೊತ್ತಿರುತ್ತದೆ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ, ಯಾವ ದಾರಿ ಹಿಡಿದು ಹೋದರೂ ತೊಗರಿ ಹೊಲ ಮುಗಿಯುವಲ್ಲಿ ಒಂದು ಚಿಮಣಿ ನಿಂತಿರುತ್ತದೆ. ನಾನು ಹುಟ್ಟಿ ಬೆಳೆದದ್ದು ವಾಡಿಯಲ್ಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಯಲು ನಾವು ಗಿಡದ ಎಲೆ ಅಲ್ಲಾಡುವುದನ್ನು ನೋಡುತ್ತಿರಲಿಲ್ಲ. ಎಲೆಯ ಮೇಲೆ ಬೆರಳಾಡಿಸಿ ಬೆರಳು ನೋಡಿಕೊಳ್ಳುತ್ತಿದ್ದೆವು. ಪಕ್ಕದ ಮನೆಯ ಕಲ್ಲವ್ವಕ್ಕ ಹಪ್ಪಳ ಒಣಹಾಕುವ ಮುಂಚೆ ಹಾಗೆ ಬೆರಳು ನೋಡಿಯೇ ಚಾಪೆ ಬಿಚ್ಚುತ್ತಿದ್ದಳು. ಒಂದು ಸಲ ಅಂದಾಜು ತಪ್ಪಿತು. ಆ ವರ್ಷದ ಹಪ್ಪಳ ಕರಿದಾಗಲೆಲ್ಲ ಹಲ್ಲಿಗೆ ಕರಕರ ಎನ್ನುತ್ತಿತ್ತು. ಯಾರೂ ಬಿಸಾಡಲಿಲ್ಲ, ತಿಂದೆವು.

ಅಪ್ಪ ರಾವೂರಿನ ಹೈಸ್ಕೂಲಿನಲ್ಲಿ ಮಾಸ್ತರರು. ಅಲ್ಲಿ ಮಧ್ಯಾಹ್ನ ಕಲ್ಲಿನ ಖಣಿಯಲ್ಲಿ ಸಿಡಿಮದ್ದು ಹಾರಿಸುತ್ತಿದ್ದರು. ಅಪ್ಪ ಪಾಠ ಮಾಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಸುಣ್ಣದ ಕಡ್ಡಿಯನ್ನು ಮೇಲೆತ್ತಿ ನಿಲ್ಲುತ್ತಿದ್ದರು. ಕಿಟಕಿಗಳು ನಡುಗುವುದು ನಿಂತ ಮೇಲೆ ಅದೇ ಅರ್ಧದಿಂದ ಮಾತು ಮುಂದುವರಿಯುತ್ತಿತ್ತು. ಮನೆಯಲ್ಲಿ ಬೈಯುವಾಗಲೂ ಅವರಿಗೆ ಇದೇ ಅಭ್ಯಾಸ. ನಡುವೆ ನಿಲ್ಲಿಸಿ ನೀರು ಕುಡಿದು ಬಂದು ಬಿಟ್ಟ ಶಬ್ದದಿಂದಲೇ ಶುರುಮಾಡುತ್ತಿದ್ದರು.

ನನಗೆ ಪಿಯುಸಿ ಮುಗಿದಾಗ ಗುಂಡಗುರ್ತಿಯಿಂದ ನಮ್ಮ ಕಾಕಾ ಬಂದರು. ಹೊಲ ಮನೆ ನೋಡಿಕೊಂಡಿದ್ದ ಮನುಷ್ಯ. ನನ್ನನ್ನೂ ಅಪ್ಪನನ್ನೂ ಮಾಳಿಗೆ ಮೇಲೆ ಕರೆದುಕೊಂಡು ಹೋಗಿ ಚಿಮಣಿಯ ಕಡೆ ಕೈ ತೋರಿಸಿದರು.

"ಕಣ್ಣ ಮುಂದ ಇಷ್ಟು ದೊಡ್ಡ ಫ್ಯಾಕ್ಟರಿ ನಿಂತದ. ಇದನ್ನ ಬಿಟ್ಟು ಏನೇನೋ ಓದೂದು ಯಾಕ ಬೇಕು? ಸಿಮೆಂಟ್ ಓದ್ಸು ಅಣ್ಣಾ. ಫ್ಯಾಕ್ಟರಿ ಭೋಂಗಾ ಕೂಗಲಿಕ್ಕೆ ಶುರು ಆದಾಗ ಮನೀಂದ ಹೊಂಟ್ರ ಭೋಂಗಾ ನಿಲ್ಲೂದ್ರಾಗ ಹುಡಗಿ ಡ್ಯೂಟಿ ಮ್ಯಾಲಿರ್ತಾಳ."

ಅಪ್ಪ ಚಿಮಣಿ ನೋಡಿದರು. ನಾನೂ ನೋಡಿದೆ. ಅದು ಎಂದಿನಂತೆ ಹೊಗೆ ಬಿಡುತ್ತ ನಿಂತಿತ್ತು, ಬೇಡ ಎನ್ನಲಿಲ್ಲ. ಚಿಮಣಿ ನೋಡಿ ಬ್ರ್ಯಾಂಚ್ ಆರಿಸುವ ಜಾಣತನ ಚಿಮಣಿಯ ಕೆಳಗೆ ಬೆಳೆದವರಿಗಷ್ಟೇ ಬರುವಂಥದ್ದು. ಕಲಬುರಗಿಯಲ್ಲಿ ನಾನು ಓದಿದ ವಿಶ್ವವಿದ್ಯಾಲಯದ ಹೆಸರು ಬೇಡ. ಅಲ್ಲಿ ಆ ಬ್ರ್ಯಾಂಚಿಗೆ ಸೀಟು ಸುಲಭವಾಗಿ ಸಿಕ್ಕಿತು. ಅಷ್ಟು ಸುಲಭವಾಗಿ ಯಾಕೆ ಸಿಕ್ಕಿತು ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬೇಕಿತ್ತು. ನಾವು ಪೇಢೆ ಹಂಚಿದೆವು.

ಪದ್ಮಜಾ ಸಿಕ್ಕಿದ್ದು ಅಲ್ಲೇ. ಸೇಡಮಿನವಳು. ತಂದೆ ಅಲ್ಲಿನ ಒಂದು ಗುಡಿಯ ಪೂಜೆ ಮಾಡುವ ಆಚಾರ್ಯರು. ಬೆಳಿಗ್ಗೆ ಅವಳು ಸೇಡಮಿನಿಂದ ಪ್ಯಾಸೆಂಜರ್ ಹತ್ತಿ ವಾಡಿಯಲ್ಲಿ ಇಳಿಯುತ್ತಿದ್ದಳು. ಅಲ್ಲಿಂದ ಇಬ್ಬರೂ ಇನ್ನೊಂದು ಗಾಡಿ ಹಿಡಿದು ಶಹಾಬಾದದ ಕಲ್ಲಿನ ಅಟ್ಟಿಗಳನ್ನು ನೋಡುತ್ತ ಕಲಬುರಗಿಗೆ ಹೋಗುತ್ತಿದ್ದೆವು. ನನ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಅವಳ ಡಬ್ಬಿಯಲ್ಲಿ ಜೋಳದ ಭಕ್ರಿ. ಎರಡೂ ಒಂದೇ ವಸ್ತು ಎಂದು ನಾನು, ಅಲ್ಲವೇ ಅಲ್ಲ ಎಂದು ಅವಳು. ನಾಲ್ಕು ವರ್ಷ ಈ ಜಗಳ ಮುಗಿಯಲಿಲ್ಲ. ಏಕಾದಶಿಯ ದಿನ ಅವಳದು ಉಪವಾಸ. ಅಂದು ಜಗಳಕ್ಕೆ ಜೊತೆಯಿಲ್ಲದೆ ನನಗೆ ಊಟ ರುಚಿಸುತ್ತಿರಲಿಲ್ಲ.

ಅವಳು ನನ್ನ ಹಾಗೆ ಕಾಕಾನ ಮಾತು ಕೇಳಿ ಬಂದವಳಲ್ಲ. ಮೊದಲ ವಾರವೇ ಹೇಳಿದಳು. "ನಮ್ಮಪ್ಪ ಒಂದೇ ಮಾತು ಅಂದಾರ. ಓದು, ಬ್ಯಾಡನ್ನಂಗಿಲ್ಲ. ಆದ್ರ ನೌಕರಿಗಂತ ಊರು ಬಿಟ್ಟು ಕಳಸಂಗಿಲ್ಲ. ಮನ್ಯಾಗ ಇದ್ದು ಮಾಡೂ ನೌಕರಿ ಸಿಕ್ರ ಮಾಡು. ಇಲ್ಲಂದ್ರ ಓದು ಮುಗದ ಕೂಡ್ಲೆ ಲಗ್ನ. ಸೇಡಂ ಸುತ್ತ ಏನದ ಹೇಳು ಸುವರ್ಣಾ? ಸಿಮೆಂಟ್ ಅದ. ಅದಕ್ಕ ಇದನ್ನ ಹುಡುಕಿ ತಗೊಂಡೀನಿ. ಫ್ಯಾಕ್ಟರಿ ಲ್ಯಾಬಿನಾಗ ಒಂದು ಕುರ್ಚಿ ಸಿಕ್ರ ನಾ ಗೆದ್ದೆ."

ಅವಳ ಇಡೀ ಬದುಕು ಆ ಒಂದು ಕುರ್ಚಿಯ ಮೇಲೆ ಕೂತಿತ್ತು. ಮೊದಲ ವರ್ಷ ನಮ್ಮ ಜೊತೆ ಇನ್ನೂ ಕೆಲವರು ಇದ್ದರು. ವರ್ಷ ಮುಗಿಯುವ ಹೊತ್ತಿಗೆ ಅವರೆಲ್ಲ ಬ್ರ್ಯಾಂಚ್ ಬದಲಿಸಿಕೊಂಡು ಕಂಪ್ಯೂಟರಿಗೆ ಹೋದರು. ಎಲ್ಲರಿಗಿಂತ ಹೆಚ್ಚು ಅಂಕ ಪದ್ಮಜಾಳದು. ನಮ್ಮ ಪಾಟೀಲ್ ಸರ್ ಅವಳನ್ನು ಕರೆಸಿ, "ನೀನೂ ಹೋಗಿಬಿಡವಾ, ನಿನಗ ಸೀಟು ಸಿಗ್ತದ" ಎಂದರು. ತಮ್ಮ ಬ್ರ್ಯಾಂಚ್ ಬಿಟ್ಟುಹೋಗು ಎಂದು ಒಬ್ಬ ಮೇಷ್ಟ್ರು ಹೇಳುವುದೆಂದರೆ ಅವರಿಗೆ ಏನೋ ಗೊತ್ತಿತ್ತು. ಪದ್ಮಜಾ ಹೋಗಲಿಲ್ಲ. ಕಂಪ್ಯೂಟರ್ ಓದಿದರೆ ನೌಕರಿ ದೂರದ ಊರಿನಲ್ಲಿ, ದೂರದ ಊರಿಗೆ ಅಪ್ಪ ಕಳಿಸುವುದಿಲ್ಲ. ನನಗೆ ಮಾತ್ರ ಖುಷಿಯಾಯಿತು. ಅವಳೂ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು?

ಹೀಗೆ ನಾವಿಬ್ಬರೇ ಒಂದು ತರಗತಿಯಾದೆವು. ಕೋಣೆ ದೊಡ್ಡದು, ಬೆಂಚುಗಳು ಸಾಲುಸಾಲು. ಪಾಟೀಲ್ ಸರ್ ತುಂಬಿದ ತರಗತಿಗೆ ಪಾಠ ಮಾಡಿ ಅಭ್ಯಾಸವಾದವರು. ಹಿಂದಿನ ಗೋಡೆ ನೋಡಿಕೊಂಡೇ ಗಟ್ಟಿಯಾಗಿ ಮಾತಾಡುತ್ತಿದ್ದರು. ನಡುವೆ ಒಮ್ಮೆ "ಹಿಂದ ಕುಂತವರಿಗೆ ಕೇಳಸ್ತದಿಲ್ಲ?" ಎನ್ನುತ್ತಿದ್ದರು. ಹಿಂದೆ ಯಾರೂ ಇರಲಿಲ್ಲ. ಕೆಲವು ದಿನ ನೋಡಿ ನಾವೇ ಎದ್ದು ಹಿಂದಿನ ಬೆಂಚಿಗೆ ಹೋಗಿ ಕೂತು "ಕೇಳಸ್ತದ್ರಿ ಸರ್" ಎನ್ನತೊಡಗಿದೆವು. ಅವರ ಮುಖದಲ್ಲಿ ಅಷ್ಟೊಂದು ಸಮಾಧಾನ ಕಂಡಿತು. ಆಮೇಲೆ ಮುಂದೆ ಬಂದು ಕೂರುವ ಮನಸ್ಸಾಗಲಿಲ್ಲ.

ತರಗತಿಗೊಬ್ಬ ಪ್ರತಿನಿಧಿ ಬೇಕೆಂದು ಕಚೇರಿಯವರು ಹಟ ಹಿಡಿದಾಗ ಚುನಾವಣೆಯೂ ಆಯಿತು. ಇಬ್ಬರೂ ನಿಂತೆವು. ನನಗೆ ಅವಳು, ಅವಳಿಗೆ ನಾನು ಮತ ಹಾಕಿ ಸಮವಾಯಿತು. ಕೊನೆಗೆ ಸರ್ ನಾಣ್ಯ ಚಿಮ್ಮಿದರು. ಗೆದ್ದ ನಾನು ಇಡೀ ವರ್ಷ ಪದ್ಮಜಾಳನ್ನು ಪ್ರತಿನಿಧಿಸಿದೆ. ತರಗತಿಗೆ ಚಕ್ಕರ್ ಹೊಡೆಯುವ ಸುಖ ನಮಗೆ ಗೊತ್ತೇ ಆಗಲಿಲ್ಲ. ಒಬ್ಬಳು ತಪ್ಪಿಸಿಕೊಂಡರೆ ಅರ್ಧ ಕಾಲೇಜೇ ಕಾಣೆಯಾದಂತೆ ಗದ್ದಲವಾಗುತ್ತಿತ್ತು. ಹೊಸಬರನ್ನು ಸ್ವಾಗತಿಸುವ ದಿನ ನಾವು ಮಾವಿನ ತೋರಣ ಕಟ್ಟಿ, ಗುಲಾಬಿ ಹಿಡಿದು ಬಾಗಿಲಲ್ಲಿ ನಿಂತೆವು. ಆ ವರ್ಷ ಹೊಸಬರು ಯಾರೂ ಸೇರಿರಲಿಲ್ಲ. ನಮಗೆ ಮುಂಚೆಯೇ ಯಾರೂ ಹೇಳಿರಲಿಲ್ಲ. ಗುಲಾಬಿಗಳನ್ನು ಪದ್ಮಜಾ ಸಂಜೆ ಅಪ್ಪನ ಗುಡಿಗೆ ಒಯ್ದಳು.

ನಗುತ್ತಿದ್ದೇನೆ ಎಂದುಕೊಳ್ಳಬೇಡಿ. ಆಗ ನಗುತ್ತಿದ್ದೆವು, ಈಗ ಬರೆಯುವಾಗ ನಗು ಬರುತ್ತಿಲ್ಲ.

ಯಾಕೆಂದರೆ ಪದ್ಮಜಾಗೆ ಆ ವಿದ್ಯೆ ನಿಜವಾಗಿ ಹಿಡಿಸಿತ್ತು. ನಾನು ಪಾಸಾಗಲು ಓದುತ್ತಿದ್ದೆ. ಅವಳ ರೀತಿ ಬೇರೆ. ಸುಣ್ಣದ ಕಲ್ಲು, ಮಣ್ಣು ಎಲ್ಲ ಪುಡಿಯಾಗಿ, ತಿರುಗುವ ಉದ್ದನೆಯ ಸುಡುಗೂಡಿನಲ್ಲಿ ಬೆಂದು ಕಪ್ಪು ಉಂಡೆಗಳಾಗಿ ಹೊರಬರುತ್ತವೆ. ಅದಕ್ಕೆ ಕ್ಲಿಂಕರ್ ಎನ್ನುತ್ತಾರೆ. ಅದನ್ನು ಅರೆದರೆ ಸಿಮೆಂಟು. ಆ ಉಂಡೆಯ ತೆಳ್ಳನೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮೊದಲ ಸಲ ನೋಡಿದ ದಿನ ಅವಳು ತಲೆ ಎತ್ತಲೇ ಇಲ್ಲ. "ಬಾ ಇಲ್ಲಿ, ನೋಡ ಬಾ, ಒಳಗ ರಂಗೋಲಿ ಹಾಕಿಟ್ಟಾರ!" ಎಂದು ಕೂಗಿದಳು. ನಾನು ನೋಡಿದೆ. ನನಗೆ ಕಂಡದ್ದು ಬೂದು ಚುಕ್ಕೆಗಳು. ನಾವಿಬ್ಬರೂ ಎರಕ ಹೊಯ್ದ ಸಿಮೆಂಟಿನ ಗಟ್ಟಿಗಳನ್ನು ನೀರಿನಲ್ಲಿ ನೆನೆಸಿಟ್ಟು ಆಮೇಲೆ ಯಂತ್ರದಲ್ಲಿಟ್ಟು ಒಡೆಯುತ್ತಿದ್ದೆವು. ನನ್ನವು ಬೇಗ ಒಡೆದು ಬೀಳುತ್ತಿದ್ದವು. ಅವಳವು ಜಪ್ಪಯ್ಯ ಅನ್ನುತ್ತಿರಲಿಲ್ಲ. ಲ್ಯಾಬಿನ ಹಳೆಯ ಯಂತ್ರ ನರಳುವುದನ್ನು ಕೇಳಿ ಸರ್ ಓಡಿಬಂದು ನಿಲ್ಲಿಸುತ್ತಿದ್ದರು.

ಮೂರನೆಯ ವರ್ಷ ನಮ್ಮನ್ನು ಒಂದು ಕಾರ್ಖಾನೆ ನೋಡಲು ಕರೆದೊಯ್ದರು. ಯಾವ ಕಾರ್ಖಾನೆ ಎಂದು ಹೇಳುವುದಿಲ್ಲ, ನಮ್ಮ ಕಡೆ ಚಿಮಣಿಗಳಿಗೇನು ಬರವಿಲ್ಲ. ದೊಡ್ಡ ಬಸ್ಸಿನಲ್ಲಿ ಚಾಲಕ, ಪಾಟೀಲ್ ಸರ್, ನಾವಿಬ್ಬರು. ಅಂದು ಕೊಟ್ಟದ್ದೇ ಈ ಹಳದಿ ಹೆಲ್ಮೆಟ್ಟು. ಲ್ಯಾಬಿನಲ್ಲಿ ಒಬ್ಬ ಹಿರಿಯರು ಪದ್ಮಜಾಳ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಖುಷಿಯಾಗಿ, "ಕುಂದ್ರವಾ, ನೀನೇ ಒಂದು ಮಾಡಿ ನೋಡು" ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅವಳು ಕೂತಳು. ಪುಡಿಯನ್ನು ಜರಡಿಗೆ ಹಾಕಿ ಆಡಿಸಿದಳು, ಉಳಿದದ್ದನ್ನು ತೂಗಿದಳು. ಕಿಟಕಿಯ ಆಚೆ ಗೂಡು ತಿರುಗುತ್ತಿತ್ತು. ಹೊರಡುವ ಹೊತ್ತಾದರೂ ಏಳಲೊಲ್ಲಳು. "ಇಲ್ಲೇ ಕುಂತುಬಿಡ್ತೀನಿ ಸರ್, ನೀವು ಹೋಗ್ರಿ" ಎಂದಳು. ಎಲ್ಲರೂ ನಕ್ಕರು. ಅಷ್ಟು ಸುಖವಾಗಿ ಕೂತ ಮನುಷ್ಯರನ್ನು ನಾನು ಆಮೇಲೆ ನೋಡಿಲ್ಲ.

ಅದೇ ವರ್ಷದ ಕೊನೆಗೆ ನಮ್ಮ ಬ್ರ್ಯಾಂಚ್ ಮುಚ್ಚುವುದೆಂದು ತೀರ್ಮಾನವಾಯಿತು. ನಾವಿಬ್ಬರು ಮುಗಿಸಿಕೊಂಡು ಹೋಗಲು ಬಿಟ್ಟರು, ನಮ್ಮ ಹಿಂದೆ ಯಾರೂ ಇಲ್ಲ. ಒಂದು ದಿನ ನಾವು ಹೋಗುವಷ್ಟರಲ್ಲಿ ವಿಭಾಗದ ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದರು. ಪಾಟೀಲ್ ಸರ್ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ಒಳಗ ಕಟ್ಟಡ ಕೆಲಸದ ಮಂದಿ ಗದ್ದಲ ಮಾಡ್ಲಿಕತ್ತಾರ, ಇವತ್ತು ಇಲ್ಲೇ ಪಾಠ" ಎಂದರು. ನಮಗೆ ಯಾವ ಗದ್ದಲವೂ ಕೇಳಿಸಲಿಲ್ಲ. ಅಂದು ಅವರು ನಮ್ಮ ಮುಖ ನೋಡಿ, ಮೆಲ್ಲಗೆ, ಇಬ್ಬರಿಗೇ ಪಾಠ ಮಾಡಿದರು.

ಕೊನೆಯ ವರ್ಷ ಕಾರ್ಖಾನೆಯವರು ಹುಡುಗರನ್ನು ಆರಿಸಲು ವಿಶ್ವವಿದ್ಯಾಲಯಕ್ಕೆ ಬಂದರು. ಇದೂ ಯಾವ ಕಾರ್ಖಾನೆ ಎಂದು ಕೇಳಬೇಡಿ. ಸಿಮೆಂಟಿನದು, ಸೇಡಮಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ್ದು. ಪದ್ಮಜಾ ಹೊಸ ಚೂಡಿದಾರ ಹಾಕಿಕೊಂಡು, ಅಪ್ಪನಿಂದ ತೀರ್ಥ ತೆಗೆದುಕೊಂಡು ಬಂದಿದ್ದಳು. ಆಚಾರ್ಯರು "ಈ ನೌಕರಿ ಆದ್ರ ನನ್ನ ಅಡ್ಡಿ ಇಲ್ಲ" ಎಂದು ಬಾಯಿಬಿಟ್ಟು ಹೇಳಿದ್ದರಂತೆ. ಗಾಡಿಯಲ್ಲಿ ಅವಳು ಅದನ್ನೇ ಮತ್ತೆ ಮತ್ತೆ ಹೇಳಿದಳು.

ಬಂದಿದ್ದ ಅಧಿಕಾರಿ ಒಳ್ಳೆಯ ಮಾತಿನ ಮನುಷ್ಯ, ಹೊರಗಿನವರು. ಬಾಗಿಲಲ್ಲಿ ನಿಂತು, "ಕೆಮಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ಮಾತ್ರ ಒಳಗೆ ಬನ್ನಿ" ಎಂದರು. ನಾವು ಹೊರಗೇ ಉಳಿದೆವು. ಎಲ್ಲರೂ ಒಳಗೆ ಹೋದ ಮೇಲೆ ಪದ್ಮಜಾ ಅವರ ಮುಂದೆ ಹೋಗಿ ನಿಂತಳು.

"ಸರ್, ನಿಮ್ಮ ಫ್ಯಾಕ್ಟರ್‍ಯಾಗ ಏನು ತಯಾರಾಗ್ತದ್ರಿ?"

"ಸಿಮೆಂಟ್ ಅಮ್ಮಾ."

"ನಾವು ಅದನ್ನೇ ಓದೀವ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಬ್ರ್ಯಾಂಚ್ ನಮ್ಮ ಹೆಡ್ ಆಫೀಸಿನವರಿಗೆ ಗೊತ್ತಿಲ್ಲಮ್ಮ. ನಾನೇನು ಮಾಡಲಿ? ಕೆಮಿಕಲ್‌ನವರನ್ನು ತೆಗೆದುಕೊಳ್ಳುತ್ತೇವೆ, ಸಿಮೆಂಟ್ ನಾವೇ ಕಲಿಸುತ್ತೇವೆ."

"ನಮಗ ಕಲಸೂ ಜರೂರತ್ತೇ ಇಲ್ರಿ ಸರ್."

ಅವರು ಅದನ್ನು ತಮಾಷೆ ಎಂದುಕೊಂಡು ನಕ್ಕರು, ಅವಳ ಭುಜ ತಟ್ಟಿ ಒಳಗೆ ಹೋದರು. ಬಾಗಿಲು ಮುಚ್ಚಿತು. "ಬಾ, ಚಹಾ ಕುಡಿಯೂಣು" ಎಂದೆ. ಅವಳು ಬಂದಳು.

ಆಮೇಲೆ ನಾವು ತಿರುಗದ ಗೇಟಿಲ್ಲ. ಶಹಾಬಾದ ಕಡೆ, ಚಿತ್ತಾಪುರ ಕಡೆ, ಚಿಂಚೋಳಿಯ ಬಿಸಿಲಿನಲ್ಲಿ, ಎಲ್ಲ ಕಡೆ ವಾಚ್‌ಮನ್ನರು ನೀರು ಕೊಟ್ಟರು, ನೆರಳಲ್ಲಿ ಕೂರಿಸಿದರು, ಒಳಗೆ ಫೋನ್ ಮಾಡಿ ಕೇಳಿ "ಇಲ್ಲಂತ್ರಿ ಅವ್ವಾ" ಎಂದರು. ಒಬ್ಬರಂತೂ ಪಾಪ, "ಗೌಂಡಿ ಮಂದೀನ ಕಂತ್ರಾಟದವರು ತಗೋತಾರ, ಹೆಣ್ಮಕ್ಕಳನ್ನ ತಗೊಳಂಗಿಲ್ಲ" ಎಂದು ಮರುಗಿದರು. ನಾವು ಚಿಮಣಿ ನೋಡಿದ್ದೆವು, ಗೇಟು ನೋಡಿರಲಿಲ್ಲ. ದೂರದ ಊರುಗಳಿಗೆ ಅರ್ಜಿ ಹಾಕಬಹುದಿತ್ತು. ನಾನು ಹಾಕಿದೆ, ಉತ್ತರ ಬರಲಿಲ್ಲ. ಅವಳು ಹಾಕುವಂತಿರಲಿಲ್ಲ.

ನಾನೀಗ ಚಿತ್ತಾಪುರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮಕ್ಕಳು ನನ್ನನ್ನು ಇಂಜಿನಿಯರ್ ಟೀಚರ್ ಎನ್ನುತ್ತಾರೆ. ಅದು ಗೌರವವೋ ಚೇಷ್ಟೆಯೋ ವಿಚಾರಿಸಲು ಹೋಗಿಲ್ಲ. ನನ್ನ ಪಾಡು ಹೇಗೋ ನಡೆಯುತ್ತದೆ. ಕೆಲವರಿಗೆ ವಿದ್ಯೆ ಅಂಗಿಯಂತೆ, ಬಿಚ್ಚಿಟ್ಟು ಬೇರೆ ತೊಡಬಹುದು. ಪದ್ಮಜಾ ಅಂಥವಳಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಮಾಡಲಾಗಲಿಲ್ಲ.

ಆಚಾರ್ಯರು ಕೆಟ್ಟವರಲ್ಲ. ಆಡಿದ ಮಾತಿನಂತೆ ನಡೆದರು, ಅಷ್ಟೆ. ಒಳ್ಳೆಯ ವರ ಬಂತು. ಹುಡುಗ ಕೆಮಿಕಲ್ ಇಂಜಿನಿಯರು, ಚಿಂಚೋಳಿ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ಕಾಲೋನಿಯಲ್ಲಿ ಮನೆ. ಹುಡುಗನ ಕಡೆಯವರು ಹುಡುಗಿ ಬಿ.ಇ. ಎಂದಷ್ಟು ಕೇಳಿ ಸಂತೋಷಪಟ್ಟರು. ಮುಂದೆ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ನಾನು ಅವಳ ಮನೆಗೆ ಹೋದೆ. ಚೊಕ್ಕ ಮನೆ. ಅಂಗಳದಲ್ಲಿ ತುಳಸಿ, ಅದರ ಹಿಂದೆ ಮರಗಳ ಸಾಲು, ಅದರಾಚೆ ಗೂಡಿನ ಸದ್ದು. ಅವಳು ಅಡುಗೆಮನೆಯಲ್ಲಿ ಭಕ್ರಿ ಬಡಿಯುತ್ತಿದ್ದಳು. ನಾನು ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತೆ. ಸೇಡಮಿನ ಸುದ್ದಿ, ವಾಡಿಯ ಸುದ್ದಿ, ಪಾಟೀಲ್ ಸರ್ ನಿವೃತ್ತರಾದ ಸುದ್ದಿ ಎಲ್ಲ ಆಯಿತು. ಅಷ್ಟರಲ್ಲಿ ಅವಳ ಗಂಡ ಡ್ಯೂಟಿ ಮುಗಿಸಿ ಬಂದರು. ಸಾಧು ಮನುಷ್ಯ. ನನ್ನನ್ನು ನೋಡಿ, "ಆರಾಮ ಕುಂದ್ರಿ, ಏಳಬ್ಯಾಡ್ರಿ" ಎಂದು ತಾವೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮುಖ ಬಾಡಿತ್ತು.

"ಭಾಳ ತಲಿಬ್ಯಾನಿ ಆಗೇದ. ಎರಡು ದಿನದಿಂದ ಕ್ಲಿಂಕರಿನಾಗ ಸುಣ್ಣ ಬೇಯದ ಹಂಗೇ ಉಳೀಲಿಕತ್ತದ. ಉರಿ ಹೆಚ್ಚು ಮಾಡಿದ್ವಿ, ಆಗಲಿಲ್ಲ. ಕಲ್ಲಿನ ಪ್ರಮಾಣ ಬದಲಿ ಮಾಡಿದ್ವಿ, ಆಗಲಿಲ್ಲ. ಎಲ್ಲಿ ತಪ್ಪಾಗ್ಲಿಕತ್ತದೋ ಒಬ್ಬರಿಗೂ ತಿಳೀವಲ್ದು."

ನನಗೇ ಹೊಳೆಯಿತು ನೋಡಿ, ಹೇಗೋ ಪಾಸಾದ ನನಗೆ. ಗೂಡಿಗೆ ಹೋಗುವ ಪುಡಿ ದಪ್ಪಗಿದ್ದರೆ ಎಷ್ಟು ಉರಿ ಹಾಕಿದರೂ ಒಳಗೆ ಹಸಿ ಉಳಿಯುತ್ತದೆ. ಮೊದಲು ಅದನ್ನು ಜರಡಿ ಹಿಡಿದು ನೋಡಬೇಕು. ನನಗೆ ಹೊಳೆದದ್ದು ಪದ್ಮಜಾಗೆ ಅವರ ಮಾತು ಮುಗಿಯುವ ಮೊದಲೇ ಹೊಳೆದಿರುತ್ತದೆ. ಅವಳ ಕೈ ಹಿಟ್ಟಿನ ಮೇಲೆ ಒಂದು ಕ್ಷಣ ನಿಂತಿತು. ನಾನು ಅವಳ ಮುಖ ನೋಡಿದೆ. ಅವಳು ಮತ್ತೆ ಬಡಿಯತೊಡಗಿದಳು.

ಗಂಡ ನನ್ನ ಕಡೆ ತಿರುಗಿ, "ಇರಲಿ, ನಮ್ಮ ಫ್ಯಾಕ್ಟರಿ ಗೋಳು ನಿಮಗ್ಯಾಕ? ನೀವಿಬ್ರೂ ಒಂದೇ ಕ್ಲಾಸೇನ್ರಿ? ಯಾವ ಬ್ರ್ಯಾಂಚ್? ನಾ ಈಕಿಗೆ ಕೇಳೇ ಇಲ್ಲ ನೋಡ್ರಿ" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಪದ್ಮಜಾ ಹೆಂಚಿನ ಮೇಲಿನ ಭಕ್ರಿ ಮಗುಚುತ್ತ ಅಂದಳು. "ಆ ಬ್ರ್ಯಾಂಚ್ ಈಗ ಇಲ್ಲರಿ. ಹೋಗ್ರಿ, ಕೈಕಾಲು ತೊಳಕೊಂಡು ಬರ್ರಿ, ಬಿಸಿ ಬಿಸಿ ಬಡಸ್ತೀನಿ."

ಅವರು ಹಿತ್ತಲಿಗೆ ಹೋದರು. ನಲ್ಲಿಯ ನೀರು ಬಿದ್ದ ಸದ್ದು ಕೇಳಿಸಿತು. ನಾನು ಅವಳ ಹತ್ತಿರ ಸರಿದು, "ಹೇಳಬಾರದೇನ, ಪದ್ದೀ? ಪುಡಿ ದಪ್ಪ ಆಗೇದ ಅಂತ ಒಂದು ಮಾತು ಅಂದ್ರ ಮುಗೀತಿತ್ತಲ್ಲ" ಎಂದೆ.

ಅವಳು ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.

"ಇವತ್ತು ಹೇಳಿದ್ರ ನಾಳಿ ಮತ್ತ ಬಂದು ಕೇಳ್ತಾರ ಸುವರ್ಣಾ. ನಾಡದ್ದೂ ಕೇಳ್ತಾರ," ಎಂದಳು. "ಆಮ್ಯಾಲ ನನಗ ಈ ಅಡಗಿಮನ್ಯಾಗ ಕುಂದರಲಿಕ್ಕೆ ಆಗಂಗಿಲ್ಲ."